ಹತ್ತೂವರೆಯೊಳಗೆ ಜೋಡಿಸಿದ ಕಂಪ್ಯೂಟರ್

ಏಪ್ರಿಲ್ 11, ಶುಕ್ರವಾರ

ನಾನು ನಳಿನಾಕ್ಷಿ ಶೆಡ್ತಿ, ಇನ್ನಂಜೆ. ವಯಸ್ಸು ಎಪ್ಪತ್ತೊಂದು. ಎಸ್ಸೆಸ್ಸೆಲ್ಸಿ ಪಾಸು, ಒಂದೇ ಸಲಕ್ಕೆ. ನಮ್ಮ ಕುಟುಂಬದ ಹೆಂಗಸರಲ್ಲಿ ಅಷ್ಟು ಓದಿದವಳು ನಾನೇ ಮೊದಲು. ನಮ್ಮದು ಅಳಿಯಕಟ್ಟು, ಮನೆ ಮುಂದುವರಿಯುವುದು ಹೆಣ್ಣಿನಿಂದ ಹೆಣ್ಣಿಗೆ. ತಾಯಿ ಹೋದ ಮೇಲೆ ಈ ಕುಟುಂಬದಲ್ಲಿ ಮದುವೆಯಾಗಲಿ ಜಗಳವಾಗಲಿ ನನ್ನನ್ನು ಕೇಳದೆ ಮುಗಿದದ್ದಿಲ್ಲ. ಹನ್ನೆರಡು ವರ್ಷ ಮಹಿಳಾ ಮಂಡಲದ ಅಧ್ಯಕ್ಷೆಯಾಗಿದ್ದೆ. ಈಗ ಬೇರೆಯವರು ಅಧ್ಯಕ್ಷೆ, ಮೈಕು ಮಾತ್ರ ನನ್ನ ಕೈಗೇ ಬರುತ್ತದೆ.

ಡೈರಿ ಬರೆಯುವ ಚಟ ನನಗಿಲ್ಲ. ಸೊಸೈಟಿಯವರು ಕೊಟ್ಟದ್ದು ಖಾಲಿ ಬಿದ್ದಿತ್ತು. ಇವತ್ತು ತೆರೆದದ್ದಕ್ಕೆ ಕಾರಣ, ಬೆಳಿಗ್ಗೆ ಮನೆಯಲ್ಲಿ ಹೊಸ ಕಂಪ್ಯೂಟರ್ ಕೂರಿಸಿದೆವು, ಸಂಜೆಯೊಳಗೆ ಅದು ಮೂರು ಸಲ ಸತ್ತಿತು. ಇದು ಮೋಸವೇ ಆಗಿದ್ದರೆ ದಿನ, ಗಂಟೆ ಸಹಿತ ಪುರಾವೆ ಬೇಕು. ಬಾಯಿಮಾತನ್ನು ಯಾರೂ ನಂಬುವುದಿಲ್ಲ.

ಕಂಪ್ಯೂಟರ್ ನನ್ನ ಮಗಳ ಮಗಳು ಯಶ್ಮಿತಾಳಿಗೆ. ಅವಳ ತಂದೆ ತಾಯಿ ಮಸ್ಕತ್‌ನಲ್ಲಿದ್ದಾರೆ, ಅವಳು ನನ್ನ ಜೊತೆ. ಕಾಪುವಿನ ಜೋಕಿಮ್‌ನ ಸ್ಟುಡಿಯೊದವರು ಮದುವೆ ಶೂಟಿಂಗ್ ಮಾಡಿ ತಂದುಕೊಡುತ್ತಾರೆ, ಇವಳು ಮನೆಯಲ್ಲಿ ಕುಳಿತು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುತ್ತಾಳೆ. ಅದಕ್ಕೆ ಹಳೆಯ ಲ್ಯಾಪ್‌ಟಾಪ್ ಸಾಲದು ಎಂದಳು. ಬಿಡಿಭಾಗಗಳನ್ನು ತಾನೇ ಆರಿಸಿ ಮಣಿಪಾಲದ ಜಿತೇಂದ್ರನ ಅಂಗಡಿಯಿಂದ ತಂದಳು. ಅಂಗಡಿಯಲ್ಲೇ ಜೋಡಿಸಿ ಕೊಡುತ್ತೇವೆ ಎಂದರಂತೆ. ನಾನು ಒಪ್ಪಲಿಲ್ಲ. ಮನೆಯ ಯಂತ್ರ ಮನೆಯಲ್ಲೇ ಕೂಡಬೇಕು, ಒಳ್ಳೆಯ ಹೊತ್ತಿನಲ್ಲಿ ಕೂಡಬೇಕು. ಬಾವಿಯ ಪಂಪಿಗೂ ನಾನು ಹಾಗೆಯೇ ಮಾಡಿಸಿದ್ದು, ಇಪ್ಪತ್ತು ವರ್ಷದಿಂದ ಕೆಟ್ಟಿಲ್ಲ.

ನಿನ್ನೆ ಯಶ್ಮಿತಾ ಫೋಟೊ ತೆಗೆಯಲೆಂದು ಎಲ್ಲ ಡಬ್ಬಿಗಳನ್ನು ಬಿಚ್ಚಿ ಚಾವಡಿಯಲ್ಲಿ ಹರಿವಾಣದ ಮೇಲೆ ಜೋಡಿಸಿದ್ದಳು. ಇವತ್ತು ಅವಳು ಏಳುವ ಮೊದಲೇ ನಾನು ಸ್ನಾನ ಮಾಡಿ, ಗಂಧ ತೇಯ್ದು, ಒಂದೊಂದಕ್ಕೂ ಹಚ್ಚಿದೆ. ದೊಡ್ಡ ಪೆಟ್ಟಿಗೆಗೆ ಎದುರಿನಲ್ಲೇ ಹಚ್ಚಿದೆ. ಉಳಿದವು ಕವರಿನೊಳಗಿದ್ದವು, ಕವರಿಗೇ ಹಚ್ಚಿದೆ. ಬಿಸ್ಕತ್ತಿನಷ್ಟೂ ಇಲ್ಲದ ಒಂದು ಚೌಕದ ತುಂಡು ಮಾತ್ರ ತೆರೆದೇ ಇತ್ತು. ಒಂದು ಬದಿಯಲ್ಲಿ ಅಕ್ಷರ ಕೊರೆದಿದ್ದರು. ಅಕ್ಷರದ ಮೇಲೆ ಗಂಧ ಮೆತ್ತಬಾರದು, ಅದು ಸರಸ್ವತಿ. ಮಗುಚಿ ನೋಡಿದರೆ ಆ ಬದಿಯಿಡೀ ಚಿನ್ನದ ಬಣ್ಣದ ಚುಕ್ಕೆಗಳು, ಕುಸುರಿ ಕೆಲಸದ ಹಾಗೆ. ಅಲ್ಲಿಗೆ ಸಾಸಿವೆಕಾಳಿನಷ್ಟು ಹಚ್ಚಿ ಮೊದಲಿನಂತೆ ಇಟ್ಟೆ. ಒಂದನ್ನೂ ಬಿಡಲಿಲ್ಲ.

ಒಂಬತ್ತು ಗಂಟೆಗೆ ಅಂಗಡಿಯವರು ಕಳುಹಿಸಿದ್ದು ಒಬ್ಬ ಹೆಂಗಸನ್ನು. ಘಟ್ಟದ ಮೇಲಿನವಳು. ಹೆಸರು ದ್ರಾಕ್ಷಾಯಿಣಿ ಅಂತೆ. ಸೀರೆಯ ಮೇಲೆ ಅಂಗಡಿಯ ನೀಲಿ ಕೋಟು.

"ಹತ್ತೂವರೆಗೆ ರಾಹುಕಾಲ. ಅದಕ್ಕೆ ಮೊದಲು ಇದರ ದೀಪ ಉರಿಯಬೇಕು" ಎಂದೆ.

"ಎರಡ್ ತಾಸರ ಬೇಕ್ರೀ ಅಮ್ಮಾರ. ಅವಸರ ಮಾಡಿದ್ರ ಇದು ಮಾತ್ ಕೇಳೂದಿಲ್ಲ."

"ಮಾತು ಕೇಳಿಸುವುದು ನಿನ್ನ ಕೆಲಸ. ಬೇಗ ಬೇಗ ಮಾಡು."

ನಾನು ಗಡಿಯಾರದ ಕೆಳಗೇ ಕುಳಿತೆ. ಐದು ನಿಮಿಷಕ್ಕೊಮ್ಮೆ ಹೊತ್ತು ಹೇಳುತ್ತಿದ್ದೆ. ಹತ್ತೂ ಇಪ್ಪತ್ತಕ್ಕೆ ದೀಪ ಉರಿಯಿತು. ಅಂಗಳದಲ್ಲಿ ತೆಂಗಿನಕಾಯಿ ಒಡೆದೆ. ಹನ್ನೆರಡೂ ಹತ್ತಕ್ಕೆ ಮೊದಲ ಸಲ ಸತ್ತಿತು.

ಏಪ್ರಿಲ್ 13, ಭಾನುವಾರ

ನಿನ್ನೆ ನಾಲ್ಕು ಸಲ, ಇವತ್ತು ಮಧ್ಯಾಹ್ನದವರೆಗೆ ಐದು. ಕೆಲಸ ಮಾಡುತ್ತಾ ಮಾಡುತ್ತಾ ಪರದೆ ಪೂರ್ತಿ ನೀಲಿಯಾಗುತ್ತದೆ. ಆ ನೀಲಿಯ ಮೇಲೆ ಸೊಟ್ಟ ಬಾಯಿಯ ಒಂದು ಮುಖ. ನನ್ನ ಮನೆಯಲ್ಲಿ ಕುಳಿತು, ನನ್ನ ಕರೆಂಟು ತಿಂದು, ನನಗೇ ಮುಖ ಸೊಟ್ಟ ಮಾಡುತ್ತದೆ!

ಯಶ್ಮಿತಾ ಕಾರ್ಕಳದ ಒಂದು ಮದುವೆಯ ವೀಡಿಯೊದಲ್ಲಿದ್ದಾಳೆ. ಹುಡುಗಿಯ ಕಡೆಯವರು ನಮಗೆ ದೂರದ ನೆಂಟರು. ಧಾರೆಯ ಭಾಗ ಎರಡು ಸಲ ಮುಗಿಸಿದಳು, ಎರಡು ಸಲವೂ ಹೋಯಿತು. ನಾಳೆ ಬಿಸು, ನಮ್ಮ ಹೊಸ ವರ್ಷ. ದೇವರ ಮುಂದೆ ಹಣ್ಣುಕಾಯಿ ಜೋಡಿಸಿಟ್ಟ ಬಿಸು ಕಣಿಯ ಎದುರು ನಿಂತು ಬೈಯಬಾರದು ಎಂದು ಇವತ್ತೇ ಬೈದು ಮುಗಿಸಿದೆ.

ಏಪ್ರಿಲ್ 15, ಮಂಗಳವಾರ

ಮಣಿಪಾಲಕ್ಕೆ ನಾನೇ ಹೋದೆ. ಫೋನಿನಲ್ಲಿ ಮಾತಾಡಿದರೆ ಇವರಿಗೆ ಭಯವಿಲ್ಲ.

ಜಿತೇಂದ್ರನಿಗೆ ನಲವತ್ತು ಇರಬಹುದು. ನಯವಾಗಿ ಮಾತಾಡುತ್ತಾನೆ, ಅದೇ ನನಗೆ ಸಂಶಯ. "ಕುಳಿತುಕೊಳ್ಳಿ ಅಮ್ಮ. ಪಾರ್ಟು ಎಲ್ಲ ಹೊಸದೇ ಉಂಟು, ಬಿಲ್ಲು ಉಂಟು, ಗ್ಯಾರಂಟಿ ಉಂಟು."

"ಎಲ್ಲ ಉಂಟು, ಕಂಪ್ಯೂಟರ್ ಒಂದು ನಡೆಯುವುದಿಲ್ಲ."

ಅಂಗಡಿಯಲ್ಲಿದ್ದವರು ನಕ್ಕರು. ಅವನು ಜಾಬ್ ಕಾರ್ಡ್ ಎಂಬ ಹಳದಿ ರಟ್ಟು ತೆಗೆದ. ಮೇಲೆ ದೂರು ಬರೆಯುವ ಜಾಗ. ಕೆಳಗೆ ಎರಡು ಖಾನೆ, ದೋಷದ ಕಾರಣ ಒಂದು, ಕಾರಣ ತಿಳಿದ ದಿನ ಇನ್ನೊಂದು. ಅವನ ಅಕ್ಷರ ನೋಡಿ ಪೆನ್ನು ನಾನೇ ತೆಗೆದುಕೊಂಡೆ. ದೂರು ಬರೆದೆ. ಕಾರಣದ ಖಾನೆಯಲ್ಲಿ "ಜೋಡಿಸಿದವರ ತಪ್ಪು" ಎಂದು ಬರೆದೆ.

"ಅಮ್ಮ, ಅದು ನಾವು ಬರೆಯುವ ಜಾಗ."

"ನೀವು ಬರೆಯುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೇ ನಾನು ಬರೆದೆ."

ಆ ಘಟ್ಟದವಳು ಹಿಂದಿನ ಮೇಜಿನಲ್ಲಿ ಏನೋ ಬಿಚ್ಚುತ್ತಿದ್ದಳು. ಎದ್ದು ಬಂದು ರಟ್ಟು ಓದಿದಳು. ಮತ್ತೆ ತನ್ನ ಬಿಚ್ಚುವ ಕೆಲಸಕ್ಕೆ ಹೋದಳು.

ಏಪ್ರಿಲ್ 16, ಬುಧವಾರ

ಅವಳು ಬಂದಳು. ಒಳಗಿನಿಂದ ಉದ್ದನೆಯ ಪಟ್ಟಿಗಳನ್ನು ತೆಗೆದು, ಶಾಲೆಯ ಮಕ್ಕಳ ರಬ್ಬರು ಹಿಡಿದು ತಿಕ್ಕಿದಳು. ರ‍್ಯಾಮ್ ಎಂದು ಅದರ ಹೆಸರು. ಇದು ರಿಪೇರಿಯಂತೆ! ಇಷ್ಟಕ್ಕೆ ನಾನೂ ಅಂಗಡಿ ಇಡಬಹುದಿತ್ತು.

ಏಪ್ರಿಲ್ 17, ಗುರುವಾರ

ಏಳು ಸಲ.

ಏಪ್ರಿಲ್ 19, ಶನಿವಾರ

ಇವತ್ತು ಮತ್ತೆ ಬಂದಳು, ಕರೆಂಟು ಕೊಡುವ ಡಬ್ಬಿ ಹೊಸದು ಹಿಡಿದುಕೊಂಡು. ಬದಲಾಯಿಸುವ ಮೊದಲು ಗೋಡೆಯ ಪ್ಲಗ್ಗಿಗೆ ಮೀಟರು ಚುಚ್ಚಿ, "ಅರ್ತಿಂಗ್ ಸರಿ ಇಲ್ರೀ ಅಮ್ಮಾರ" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಈ ಮನೆಯ ವಯರಿಂಗ್ ಮಾಡಿಸಿದ್ದು ನಾನು, ಎದುರು ನಿಂತು. ಒಂದು ವಯರು ಓರೆಯಾದರೆ ಬಿಚ್ಚಿಸುತ್ತಿದ್ದೆ. ನಿನ್ನ ಕೆಲಸದ ತಪ್ಪಿಗೆ ನನ್ನ ಮನೆಗೆ ಹೆಸರಿಡಬೇಡ ಎಂದೆ. ಅವಳು ಹೊರಗೆ ಹೋದಳು. ತೆಂಗಿನ ಬುಡದ ಹತ್ತಿರ ಅರ್ತಿಂಗ್ ಗುಂಡಿ ಹುಡುಕಿ, ಮುಚ್ಚಳ ತೆಗೆದು, ಬಾವಿಯಿಂದ ನಾಲ್ಕು ಕೊಡಪಾನ ನೀರು ಸೇದಿ ಹೊಯ್ದಳು. ನೀರು ಸುರ್ ಎಂದು ಇಂಗಿತು. ಗುಂಡಿ ಒಣಗಿತ್ತು ಎಂಬುದು ಬೇರೆ ವಿಷಯ. ಏಪ್ರಿಲಿನಲ್ಲಿ ಯಾರ ಗುಂಡಿ ಒಣಗುವುದಿಲ್ಲ?

ನೀರು ಸೇದುವ ಕೈ ಕಂಪ್ಯೂಟರಿನವರ ಕೈಯ ಹಾಗಿರಲಿಲ್ಲ. ಕೇಳಿದೆ. ಕೊಪ್ಪಳದ ಕಡೆಯವಳು, ಅಲ್ಲಿ ಐಟಿಐ ಮಾಡಿದ್ದಾಳೆ. ಗಂಡ ಹೊಳೆಪ್ಪ ಗಾರೆ ಕೆಲಸದವನು. ಅವನ ಜೊತೆ ಇಲ್ಲಿಗೆ ಬಂದು ನಾಲ್ಕು ವರ್ಷ ತಲೆಯ ಮೇಲೆ ಸಿಮೆಂಟು ಬಾಂಡ್ಲಿ ಹೊತ್ತಳಂತೆ.

"ಈಗ ನಾ ಕುಂತ ಕೆಲಸ ಮಾಡೂ ಅಂಗಡಿ ಐತಲ್ರಿ, ಅದರ ಗ್ವಾಡಿಗೆ ಕಾಂಕ್ರೀಟ್ ಹೊತ್ತಾಕಿನೂ ನಾನ. ಒಂದ್ ದಿನ ಅವರ ಬಿಲ್ ಮಷಿನ್ ಕೆಟ್ಟಿತ್ತು. ನೋಡ್ಲ್ಯಾ ಅಂದೆ. ಬಾಂಡ್ಲಿ ಕೆಳಗಿಟ್ಟೆ, ಮಷಿನ್ ಸರಿ ಮಾಡ್ದೆ. ಮತ್ತ ಬಾಂಡ್ಲಿ ಮುಟ್ಟಿಲ್ಲ."

ಯಶ್ಮಿತಾ ಬಾಯಿ ಬಿಟ್ಟು ಕೇಳುತ್ತಿದ್ದಳು. ಚಹಾ ಜಗಲಿಗೆ ಕೊಟ್ಟೆ.

ಡಬ್ಬಿ ಹೊಸದಾಯಿತು. ಅವಳು ಹೋಗಿ ಹದಿನೈದು ನಿಮಿಷಕ್ಕೆ ಪರದೆ ನೀಲಿ.

ಏಪ್ರಿಲ್ 21, ಸೋಮವಾರ

ಸಹನೆಗೆ ಒಂದು ಮಿತಿ ಇದೆ. ಕಾರ್ಕಳದ ಮದುವೆಯ ಧಾರೆ ಮೂರನೇ ಸಲ ಹೋಯಿತು. ಯಶ್ಮಿತಾ ಮೇಜಿಗೆ ತಲೆಯಿಟ್ಟು ಅತ್ತಳು. ಜೋಕಿಮ್ ಫೋನು ಮಾಡಿ, "ಆಗದಿದ್ದರೆ ಹೇಳಿಬಿಡಮ್ಮ, ಬೇರೆಯವರಿಗೆ ಕೊಡುತ್ತೇನೆ" ಎಂದನಂತೆ.

ಮಹಿಳಾ ಮಂಡಲದ ವಾಟ್ಸಾಪ್ ಗುಂಪಿನಲ್ಲಿ ನೂರ ಎಂಬತ್ತು ಹೆಂಗಸರಿದ್ದಾರೆ. ನಾಲ್ಕು ನಿಮಿಷದ ಧ್ವನಿ ಕಳುಹಿಸಿದೆ. ಅಂಗಡಿಯ ಹೆಸರು ಹೇಳಿದೆ, ಜೋಡಿಸಿದವಳ ಹೆಸರೂ ಹೇಳಿದೆ. ಕೆಲಸ ಬಾರದವರ ಕೈಗೆ ನಮ್ಮ ವಸ್ತು ಕೊಡುವ ಅಂಗಡಿಗೆ ಯಾರೂ ಹೋಗಬೇಡಿ ಎಂದೆ. ಗುಂಪಿನ ಕುಶಲಾ ಆಗಲೇ ಬರೆದಳು, ಮಗನಿಗೆ ಅಲ್ಲಿಂದ ಕಂಪ್ಯೂಟರ್ ತರಲು ಹೇಳಿದ್ದನ್ನು ನಿಲ್ಲಿಸುತ್ತಾಳಂತೆ. ನನ್ನ ಮಾತಿಗೆ ಇನ್ನೂ ಬೆಲೆ ಇದೆ.

ಏಪ್ರಿಲ್ 23, ಬುಧವಾರ

ಮೊನ್ನೆ ಸಂಜೆ ದ್ರಾಕ್ಷಾಯಿಣಿಯೇ ಫೋನು ಮಾಡಿದ್ದಳು. ಧ್ವನಿಯ ವಿಷಯ ಎತ್ತಲಿಲ್ಲ. "ಅಮ್ಮಾರ, ಯಾವಾಗ ಬೀಳತೈತಿ, ಬೀಳೂ ಮುಂಚೆ ಏನ್ ಮಾಡತಿತ್ತು, ಇಷ್ಟ ಬರದಿಡ್ರಿ. ಉಳಿದದ್ದ ನಾ ನೋಡ್ತೀನಿ" ಎಂದಳು.

ನನಗೆ ಕೆಲಸ ಹೇಳುತ್ತಾಳೆ! ಆದರೂ ಎರಡು ದಿನ ಕುರ್ಚಿ ಹಾಕಿಕೊಂಡು ಕುಳಿತೆ, ಗಡಿಯಾರ ಎದುರಿಗಿಟ್ಟು. ಯಶ್ಮಿತಾ ಕೆಲಸ ಮಾಡಿದಳು, ನಾನು ಬರೆದೆ. ಹೊತ್ತು, ಫ್ಯಾನಿನ ಸದ್ದು, ಪೆಟ್ಟಿಗೆ ಮುಟ್ಟಿದರೆ ಬಿಸಿಯೋ ತಣ್ಣಗೋ, ಎಲ್ಲ. ನಡುವೆ ಧಾರೆಯ ದೃಶ್ಯವನ್ನು ಹದಿನೆಂಟು ಸಲ ನೋಡಿದೆ. ಮದುಮಗನ ಮಾವ ಹದಿನೆಂಟು ಸಲವೂ ಕ್ಯಾಮೆರಾಕ್ಕೆ ಅಡ್ಡ ಬಂದರು.

ಇವತ್ತು ನಾಲ್ಕು ಪುಟ ಓದಿ ಹೇಳಿದೆ. ಅವಳು, "ಬಿಸಿ ಆದಮ್ಯಾಲ ಕಡಿಮಿ ಬೀಳತೈತಿ, ತಣ್ಣಗಿದ್ದಾಗ ಜಾಸ್ತಿ. ಅಂದ್ರ ಇದು ಬಿಸಿ ಆಗೂ ತ್ರಾಸಲ್ಲ. ಎಲ್ಲೋ ಒಂದ್ ಕಡೆ ಬೆಸುಗಿ ಕೂಡವಲ್ದು. ಅಮ್ಮಾರ, ಇಷ್ಟ ಚಂದ ನಮಗ ಯಾರೂ ಬರದ ಕೊಟ್ಟಿಲ್ರಿ" ಎಂದಳು.

ಕೊಡುವುದಿಲ್ಲ ಮತ್ತೆ. ಎಲ್ಲರೂ ಎಸ್ಸೆಸ್ಸೆಲ್ಸಿ ಒಂದೇ ಸಲಕ್ಕೆ ಪಾಸಾದವರಲ್ಲ.

ಏಪ್ರಿಲ್ 24, ಗುರುವಾರ

ಜಿತೇಂದ್ರ ಫೋನು ಮಾಡಿದ. ನಯ ಎಲ್ಲ ಇಳಿದಿದೆ. "ಅಮ್ಮ, ನಿಮ್ಮ ವಾಯ್ಸ್ ಉಡುಪಿಯವರೆಗೆ ಹೋಗಿದೆ. ಮೂರು ಆರ್ಡರು ಕ್ಯಾನ್ಸಲ್. ಶನಿವಾರ ಅವಳನ್ನು ಇನ್ನೊಂದು ಸಲ ಕಳಿಸುತ್ತೇನೆ. ಪಾರ್ಟಿನ ತೊಂದರೆಯಾದರೆ ಕಂಪನಿಗೆ ಕಳಿಸುವ. ಅವಳ ಕೈಯ ತಪ್ಪಾದರೆ ಅವಳಿಗೆ ನನ್ನ ಅಂಗಡಿಯಲ್ಲಿ ಕೆಲಸ ಇಲ್ಲ. ಇಷ್ಟು ಸಾಕಾ?"

ಸಾಕು ಎಂದೆ. ಈ ಮಾತನ್ನು ಹದಿನೈದನೇ ತಾರೀಕಿಗೇ ಹೇಳಬೇಕಿತ್ತು.

ಏಪ್ರಿಲ್ 26, ಶನಿವಾರ

ಬೆಳಿಗ್ಗೆ ಎಂಟಕ್ಕೇ ಬಂದಳು. ಊಟಕ್ಕೆ ನಿಲ್ಲು ಎಂದೆ, ಇವತ್ತು ಹೊತ್ತಾಗುತ್ತದೆ ಎಂದು ಕಂಡಿತು. ನಾನು ಗಡಿಯಾರದ ಹೊತ್ತು ಹೇಳಲಿಲ್ಲ.

ಚಾವಡಿಯಲ್ಲಿ ಬಿಳಿ ಬಟ್ಟೆ ಹಾಸಿ ಒಂದೊಂದೇ ಭಾಗವನ್ನು ಬಿಚ್ಚಿ ಸಾಲಾಗಿ ಇಟ್ಟಳು. ಕೊನೆಗೆ ಉಳಿದದ್ದು ಫ್ಯಾನಿನ ಕೆಳಗಿನ ಚೌಕದ ತುಂಡು. ಅದೇ ಪ್ರೊಸೆಸರ್, ಕಂಪ್ಯೂಟರಿನ ಮಿದುಳು ಎಂದು ಯಶ್ಮಿತಾ ಹೇಳಿದಳು. ದ್ರಾಕ್ಷಾಯಿಣಿ ಅದರ ಮೇಲಿದ್ದ ಬೂದು ಬಣ್ಣದ ಪೇಸ್ಟು ಒರೆಸಿ, ಸಣ್ಣ ಸರಳು ಎತ್ತಿ, ತುಂಡನ್ನು ಎರಡು ಬೆರಳಲ್ಲಿ ಹಿಡಿದು ಮಗುಚಿದಳು. ಮಗುಚಿದವಳು ಹಾಗೆಯೇ ನಿಂತಳು.

ಚಿನ್ನದ ಚುಕ್ಕೆಗಳ ನಡುವೆ ಒಂದು ಕಲೆ. ಸಾಸಿವೆಕಾಳಿನಷ್ಟು. ಒಣಗಿ ಚಕ್ಕೆಯಾಗಿತ್ತು, ಕೆನೆ ಬಣ್ಣ.

"ಇದ ಐತ್ರಿ" ಎಂದಳು. "ಈ ಚುಕ್ಕಿ ಒಂದೊಂದೂ ಕೆಳಗಿನ ಸೂಜಿಗೆ ತಾಗಬೇಕು. ಇಲ್ಲಿ ತಾಗವಲ್ದು. ನನ್ನ ಕೈಯಾಗಿನ ಪೇಸ್ಟ ಇರಬೇಕ್ರಿ. ಅವತ್ತ ಅವಸರದಾಗ ಕೈ ಒರಸ್ಕೊಳ್ದ ಹಿಡದಿದ್ದೆ ಕಾಣತೈತಿ. ತಪ್ಪ ನಂದ."

"ಪೇಸ್ಟು ಬೂದು ಬಣ್ಣ ಅಲ್ವಾ ಅಕ್ಕ? ಇದು ಬೇರೆ ಉಂಟು" ಎಂದಳು ಯಶ್ಮಿತಾ.

"ಮತ್ತೇನಿರತೈತಿ ತಂಗಿ? ಇದನ್ನ ಮುಟ್ಟಿದಾಕಿ ನಾನೊಬ್ಬಾಕಿನ."

ನನ್ನ ಕಡೆ ಯಾರೂ ನೋಡಲಿಲ್ಲ. ಪೇಸ್ಟೇ ಇರಬೇಕು, ಮಾಡಿದವಳೇ ಹೇಳಿದ ಮೇಲೆ. ಒಣಗಿದರೆ ಯಾವ ಬಣ್ಣ ಹೇಗಾಗುತ್ತದೋ ಯಾರಿಗೆ ಗೊತ್ತು.

ಸ್ಪಿರಿಟಿನಲ್ಲಿ ಬ್ರಶ್ ಅದ್ದಿ ಅರ್ಧ ಗಂಟೆ ಒರೆಸಿದಳು. ಕೆಳಗಿನ ಸೂಜಿಗಳನ್ನು ಭೂತಕನ್ನಡಿ ಹಿಡಿದು ಒಂದೊಂದಾಗಿ ನೋಡಿದಳು. ಮತ್ತೆ ಜೋಡಿಸಿದಳು. ಒಂದೂವರೆಗೆ ಹೊತ್ತಿಸಿದ್ದು, ಸಂಜೆ ಆರರವರೆಗೆ ಒಂದು ಸಲವೂ ಬೀಳಲಿಲ್ಲ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಸಳೆ. ಒಳಗೆ ಬಡಿಸಿದೆ. ಎರಡು ತುತ್ತು ತಿಂದು ಕೈ ತೊಳೆದಳು. ನಮ್ಮ ಅನ್ನ ಅವರಿಗೆ ಸೇರುವುದಿಲ್ಲ, ಅದಕ್ಕೇ ಇರಬೇಕು.

ಏಪ್ರಿಲ್ 28, ಸೋಮವಾರ

ಕಂಪ್ಯೂಟರ್ ಮೂರು ದಿನದಿಂದ ಸರಿಯಿದೆ. ಧಾರೆ ಮುಗಿಯಿತು. ಯಶ್ಮಿತಾ ಕಾಪುವಿಗೆ ಕೊಟ್ಟು ಬಂದಳು.

ಹನ್ನೊಂದು ಗಂಟೆಗೆ ಜಿತೇಂದ್ರನ ಫೋನು. "ಅವಳೇ ಒಪ್ಪಿಕೊಂಡಳು ಅಮ್ಮ. ಕೆಲಸದಿಂದ ಬಿಡಿಸಿದ್ದೇನೆ. ನೀವು ಹೇಳಿದ ಹಾಗೇ ಆಯಿತು. ಇನ್ನು ಗುಂಪಿನಲ್ಲಿ ಒಂದು ಒಳ್ಳೆಯ ಮಾತು ಹಾಕಿಬಿಡಿ."

ನಾನು ಹೇಳಿದ ಹಾಗೆ ಎಂದರೆ ಎಂತ? ನಾನು ಕಂಪ್ಯೂಟರ್ ಸರಿ ಮಾಡಿ ಕೊಡಿ ಎಂದವಳು. ಅಂಗಡಿ ಅವನದು, ಬುದ್ಧಿಯೂ ಅವನದೇ ಇರಬೇಕು. ಒಬ್ಬ ಹೆಂಗಸಿನ ಧ್ವನಿಗೆ ಹೆದರಿ ಕೆಲಸದವರನ್ನು ಬಿಡಿಸುವವನು ಎಂತಹ ಯಜಮಾನ? ಅವಳಾದರೂ ಎಂತಹವಳು! ಬಣ್ಣ ಬೇರೆ ಉಂಟು ಎಂದು ಹುಡುಗಿ ಹೇಳುತ್ತಿದ್ದಾಳೆ, ಕಣ್ಣು ಬಿಟ್ಟು ನೋಡಬಾರದಾ? ಮಾಡದ ತಪ್ಪನ್ನು ಬಾಯಿ ತೆರೆದು ನನ್ನದು ಎಂದು ಯಾಕೆ ಹೇಳಬೇಕು?

ಮೇಲಿನ ಸಾಲನ್ನು ಬರೆದ ಮೇಲೆ ಓದಿದೆ. ಹೊಡೆದು ಹಾಕುವುದಿಲ್ಲ, ಇದು ಪುರಾವೆಯ ಪುಸ್ತಕ.

ಏಪ್ರಿಲ್ 29, ಮಂಗಳವಾರ

ಅದು ಗಂಧ. ನಾನು ಹಚ್ಚಿದ ಗಂಧ. ಹನ್ನೊಂದನೇ ತಾರೀಕಿನ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಇದೆ.

ಮೇ 1, ಗುರುವಾರ

ದೇವರಿಗೆ ಹಚ್ಚುವ ಗಂಧ ವಸ್ತುವಿಗೆ ದೋಷ ಆಗುವುದು ಹೇಗೆ? ಅಂತಹ ಸೂಕ್ಷ್ಮದ ವಸ್ತುವನ್ನು ಆ ಹುಡುಗಿ ತೆರೆದು ಇಟ್ಟದ್ದು ಯಾಕೆ? ಮುಟ್ಟಬಾರದು ಎಂದು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಯುವುದಕ್ಕೆ ಕಂಪನಿಯವರಿಗೆ ಎಂತ ರೋಗ? ಕೂರಿಸುವ ಮೊದಲು ಮಗುಚಿ ನೋಡುವುದು ಜೋಡಿಸುವವರ ಕೆಲಸವಲ್ಲವಾ?

ಮಗುಚಿ ನೋಡುವಷ್ಟು ಹೊತ್ತನ್ನು ನಾನು ಕೊಟ್ಟಿರಲಿಲ್ಲ.

ಮೇ 3, ಶನಿವಾರ

ಯಶ್ಮಿತಾ ಮಧ್ಯಾಹ್ನ ಊಟ ಬಿಟ್ಟಳು. ದ್ರಾಕ್ಷಾಯಿಣಿಗೆ ಫೋನು ಮಾಡಿದ್ದಳಂತೆ. ಅಲೆವೂರಿನಲ್ಲಿ ಒಂದು ದೊಡ್ಡ ಮನೆ ಕಟ್ಟುತ್ತಿದ್ದಾರೆ, ಗಂಡನ ಜೊತೆ ಅಲ್ಲಿಗೆ ಹೋಗುತ್ತಿದ್ದಾಳೆ.

"ಪುನಃ ಬಾಂಡ್ಲಿ ಹೊರುತ್ತಿದ್ದಾರೆ ಅಜ್ಜಿ. ಬೇರೆ ಎರಡು ಅಂಗಡಿಯಲ್ಲಿ ಕೇಳಿದರಂತೆ, ನಿಮ್ಮ ವಾಯ್ಸ್ ಅಲ್ಲಿಗೂ ಹೋಗಿದೆ. ಹೆಸರು ಹೇಳಿದ ಕೂಡಲೇ ಬೇಡ ಅಂತಾರಂತೆ. ಅದು ಪೇಸ್ಟ್ ಅಲ್ಲ ಅಂತ ನಾನು ಜಿತೇಂದ್ರರಿಗೂ ಹೇಳಿದೆ. ಮತ್ತೆ ಎಂತ ಅದು ಅಂತ ಕೇಳಿದರು. ನಾನು ಎಂತ ಹೇಳುವುದು?"

"ಅನ್ನ ತಣ್ಣಗಾಗುತ್ತದೆ, ಉಣ್ಣು" ಎಂದೆ.

"ನಿಮಗೆ ಎಂತ ಅನಿಸುವುದೂ ಇಲ್ವಾ?"

ಈ ಮನೆಯಲ್ಲಿ ನನ್ನ ಎದುರು ಈವರೆಗೆ ಯಾರೂ ಹಾಗೆ ಕೇಳಿದ್ದಿಲ್ಲ. ನಾಲ್ಕು ಮಾತು ಬಾಯಿಯವರೆಗೆ ಬಂದವು. ನುಂಗಿದೆ. ಅವಳ ತಟ್ಟೆಯನ್ನು ನಾನೇ ಒಳಗೆ ತೆಗೆದುಕೊಂಡು ಹೋದೆ.

ಮೇ 4, ಭಾನುವಾರ

ಬೆಳಿಗ್ಗೆ ಗಂಧ ತೇಯಲು ಕುಳಿತೆ. ತೇಯದೆ ಎದ್ದೆ. ದೇವರಿಗೆ ಹೂ ಮಾತ್ರ.

ಮೇ 5, ಸೋಮವಾರ

ಮಾಡಿ ಬಂದೆ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಬಸ್ಸು ಹತ್ತುವ ಮೊದಲು ಗುಂಪಿಗೆ ಧ್ವನಿ ಕಳುಹಿಸಿದೆ. ಹಿಂದೆ ಬರುವ ದಾರಿ ನನಗೇ ಇರಬಾರದು ಎಂದು ಅದನ್ನೇ ಮೊದಲು ಮಾಡಿದ್ದು. ಇಪ್ಪತ್ತೊಂದನೇ ತಾರೀಕು ನಾನು ಹೇಳಿದ್ದು ತಪ್ಪು, ಕಂಪ್ಯೂಟರ್ ಕೆಟ್ಟದ್ದು ನಾನು ಹಚ್ಚಿದ ಗಂಧದಿಂದ, ದ್ರಾಕ್ಷಾಯಿಣಿಯ ಕೆಲಸದಲ್ಲಿ ದೋಷ ಇಲ್ಲ, ಮೊದಲಿನದನ್ನು ಯಾರ‍್ಯಾರಿಗೆ ಕಳುಹಿಸಿದ್ದೀರೋ ಅವರಿಗೆಲ್ಲ ಇದನ್ನೂ ಕಳುಹಿಸಿ. ಅರ್ಧ ನಿಮಿಷ ಸಾಕಾಯಿತು. ಬೈಯಲು ನಾಲ್ಕು ನಿಮಿಷ ಬೇಕಾಗಿತ್ತು. ಬಸ್ಸು ಕಟಪಾಡಿ ದಾಟುವಾಗ ಕುಶಲಾ ಫೋನು ಮಾಡಿದಳು, "ಅಕ್ಕ, ನಿಮ್ಮ ಫೋನು ಬೇರೆ ಯಾರದೋ ಕೈಗೆ ಸಿಕ್ಕಿದೆಯಾ?" ಎಂದು. ನನ್ನದೇ ಧ್ವನಿ, ಇನ್ನೊಂದು ಸಲ ಕೇಳು ಎಂದು ಇಟ್ಟೆ.

ಉಡುಪಿಯಲ್ಲಿ ಇಳಿದು ಅಲೆವೂರಿಗೆ ರಿಕ್ಷಾ ಮಾಡಿದೆ. ಕಟ್ಟಡದ ಎದುರು ಜಲ್ಲಿಯ ರಾಶಿ. ದ್ರಾಕ್ಷಾಯಿಣಿ ತಲೆಗೆ ಬಟ್ಟೆ ಸುತ್ತಿ ಏಣಿಯ ಬುಡದಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಬಾಂಡ್ಲಿ ಇಳಿಸಿದಳು. "ಮತ್ತ ಬಿತ್ತೇನ್ರಿ ಅಮ್ಮಾರ?"

ಅವಳು ಕೇಳಿದ್ದು ಕಂಪ್ಯೂಟರನ್ನು.

"ಇಲ್ಲ. ನೀನು ಸರಿ ಮಾಡಿದ್ದು ಸರಿಯಾಗಿಯೇ ಉಂಟು. ಆ ಕಲೆ ನಿನ್ನ ಪೇಸ್ಟಲ್ಲ. ನಾನು ಹಚ್ಚಿದ ಗಂಧ. ನೀನು ಬರುವ ಮೊದಲೇ ಹಚ್ಚಿದ್ದೆ."

ಹೊಳೆಪ್ಪ ಮೇಲಿನಿಂದ ಕರಣೆ ಹಿಡಿದುಕೊಂಡೇ ನೋಡುತ್ತಿದ್ದ. ದ್ರಾಕ್ಷಾಯಿಣಿ ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿದಳು.

"ಪೆಟ್ಟಿಗಿ ಮ್ಯಾಲ ಗಂಧ ನೋಡಿದ್ದೆ. ಒಳಗೂ ಇರತೈತಿ ಅಂತ ಹೊಳೀಲಿಲ್ಲ. ನಿಮಗ ಯಾವಾಗ ಗೊತ್ತಾತ್ರಿ?"

"ನೀನು ಮಗುಚಿದಾಗಲೇ."

ಅವಳು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಕೂಗಲಿಲ್ಲ. "ಅವತ್ತ ಹೇಳಿದ್ರ ಈ ಏಳ್ ದಿನದ ಬಾಂಡ್ಲಿ ತಪ್ಪತಿತ್ತಲ್ರಿ" ಎಂದಳು.

"ಹೌದು" ಎಂದೆ.

"ಗಾರಿ ಕಲಿಸೀವಿ, ಇದಿಷ್ಟು ಮುಗಿಸ್ಬೇಕು. ಇಲ್ಲಂದ್ರ ಗಟ್ಟಿ ಆಕ್ಕೈತಿ."

ಜಲ್ಲಿಯ ಪಕ್ಕದಲ್ಲಿ ಒಂದು ಕಲ್ಲಿನ ಮೇಲೆ ಕುಳಿತೆ. ಮುಕ್ಕಾಲು ಗಂಟೆ. ಇಪ್ಪತ್ತಾರು ಬಾಂಡ್ಲಿ ಹೊತ್ತಳು. ಎಣಿಸುವುದು ಅಭ್ಯಾಸವಾಗಿಬಿಟ್ಟಿದೆ. ಮುಗಿಸಿ, ಕೈಕಾಲು ತೊಳೆದು, ರಿಕ್ಷಾದಲ್ಲಿ ನನ್ನ ಪಕ್ಕ ಕುಳಿತಳು.

ಮಣಿಪಾಲದ ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಜಿತೇಂದ್ರ ಅವರನ್ನು ಬಿಟ್ಟು ಓಡಿ ಬಂದ. "ಒಳಗೆ ಬನ್ನಿ ಅಮ್ಮ, ಒಳಗೆ ಕುಳಿತು ಮಾತಾಡುವ."

"ನಾನು ಬೈದದ್ದು ಹೊರಗೆ ನಿಂತು. ಇದನ್ನೂ ಹೊರಗೇ ಹೇಳುತ್ತೇನೆ. ನನ್ನ ಜಾಬ್ ಕಾರ್ಡ್ ತೆಗಿ."

ಹೇಳಿದೆ. ಎಲ್ಲರೂ ಕೇಳಿದರು. ಒಬ್ಬ ಹುಡುಗ ಫಕ್ಕನೆ ನಕ್ಕ. ನಗಲಿ. ಸಾಸಿವೆಕಾಳಿನಷ್ಟು ಗಂಧಕ್ಕೆ ಇಷ್ಟು ದೊಡ್ಡ ಯಂತ್ರ ನಿಲ್ಲುತ್ತದೆ ಎಂದರೆ ನನಗೂ ನಗು ಬರುತ್ತಿತ್ತು, ಬೇರೆಯವರ ಮನೆಯಲ್ಲಾಗಿದ್ದರೆ.

ಜಿತೇಂದ್ರ, "ಆಯಿತು ಅಮ್ಮ, ಅವಳು ನಾಳೆಯಿಂದ ಬರಲಿ" ಎಂದ.

"ನಾಳೆ ಯಾಕೆ? ಮೇಜು ಖಾಲಿಯೇ ಉಂಟಲ್ಲ."

ದ್ರಾಕ್ಷಾಯಿಣಿ ನನ್ನ ಕಡೆ ನೋಡದೆ ಹಿಂದಿನ ಮೇಜಿಗೆ ಹೋದಳು. ಗೂಟದಲ್ಲಿ ಅವಳ ನೀಲಿ ಕೋಟು ಹಾಗೆಯೇ ನೇತಾಡುತ್ತಿತ್ತು. ಹಾಕಿಕೊಂಡಳು.

ನಾನು ಹಳದಿ ರಟ್ಟು ಎಳೆದುಕೊಂಡೆ. "ಜೋಡಿಸಿದವರ ತಪ್ಪು" ಎಂದು ನಾನು ಬರೆದದ್ದನ್ನು ಒಂದು ಗೆರೆ ಎಳೆದು ಹೊಡೆದೆ. ಕೆಳಗೆ ಬರೆದೆ: ಗಂಧ. ಹಚ್ಚಿದವರು ನಳಿನಾಕ್ಷಿ ಶೆಡ್ತಿ. ಅವಸರ ಮಾಡಿದವರೂ ಅವರೇ. ಪಕ್ಕದ ಖಾನೆ, ಕಾರಣ ತಿಳಿದ ದಿನ, ಇನ್ನೂ ಖಾಲಿ ಇತ್ತು. ಅದನ್ನು ತುಂಬಿಸಲು ಯಾರೂ ಹೇಳಲಿಲ್ಲ. ಏಪ್ರಿಲ್ 26 ಎಂದು ತುಂಬಿಸಿ, ಪೂರ್ತಿ ಹೆಸರಿನ ಸಹಿ ಹಾಕಿದೆ.

ಜಿತೇಂದ್ರ ಬಗ್ಗಿ ನೋಡಿದ. "ಇಪ್ಪತ್ತಾರಕ್ಕೇ ಗೊತ್ತಿತ್ತಾ ಅಮ್ಮ? ಇವತ್ತು ಐದು..."

"ನನ್ನ ಅಕ್ಷರ ಸ್ಪಷ್ಟವಾಗಿಯೇ ಉಂಟು" ಎಂದೆ. ರಟ್ಟನ್ನು ಅವನ ಕಡೆ ತಿರುಗಿಸಿ ಇಟ್ಟು ಬಂದೆ.